ಕೊನೆಯ ಚೀಲವನ್ನು ಎರಡು ಸಲ ತೂಗಬೇಡಿ
ವ್ಯಾಸಂಗ ಪಾಠ: ಸಿ ಪ್ರೋಗ್ರಾಮಿನಲ್ಲಿ ಕೀಬೋರ್ಡ್ ಇನ್‌ಪುಟ್ ಮುಗಿದದ್ದನ್ನು ತಿಳಿಯುವ ಕ್ರಮ



ಜಮಾ-ಖರ್ಚಿನ ಪಟ್ಟಿ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ನಡುವೆ ಒಂದು ವ್ಯಾಸಂಗ ಪಾಠವನ್ನೂ ಈ ವರದಿಯಲ್ಲಿ ಸೇರಿಸುತ್ತೇವೆ. ನಮ್ಮ ವೇತನ ಪಡೆಯುವ ಮಕ್ಕಳಲ್ಲಿ ಹಲವರು ಈಗ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಸೇರುತ್ತಿದ್ದಾರೆ. ಮೊದಲ ವರ್ಷದಲ್ಲೇ ಅವರಿಗೆ ಎದುರಾಗುವುದು ಸಿ ಭಾಷೆ. ಭಾನುವಾರದ ತರಗತಿಯಲ್ಲಿ ನಾನು ಅವರಿಗೆ ಹೇಳಿಕೊಡುವಾಗ ಎಲ್ಲರೂ ಎಡವುವ ಒಂದು ಜಾಗವಿದೆ. ಬಳಕೆದಾರ ಟೈಪ್ ಮಾಡುವುದನ್ನು ಮುಗಿಸಿದ್ದಾನೆ ಎಂದು ಪ್ರೋಗ್ರಾಮಿಗೆ ಹೇಗೆ ಗೊತ್ತಾಗಬೇಕು? ಪ್ರಶ್ನೆ ಚಿಕ್ಕದು. ಆದರೆ ಅದರಿಂದ ಲೆಕ್ಕವೇ ತಪ್ಪಬಹುದು ಎಂಬುದು ನಮಗೇ ಅನುಭವಕ್ಕೆ ಬಂದಿದೆ.

ನಡೆದದ್ದು ಹೀಗೆ. ಒಂದು ವರ್ಷ ರಸೀದಿಗಳ ಒಟ್ಟು ಮೊತ್ತವನ್ನು ಕೂಡಲು ನಮ್ಮ ವಿದ್ಯಾರ್ಥಿಯೊಬ್ಬ ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದ. ನಾನು ರಸೀದಿ ಪುಸ್ತಕ ನೋಡಿ ಮೊತ್ತ ಓದುತ್ತಾ ಹೋದೆ, ಅವನು ಟೈಪ್ ಮಾಡುತ್ತಾ ಹೋದ. ಕೊನೆಗೆ ಬಂದ ಮೊತ್ತ ಖಜಾಂಚಿಯವರ ಕೈಬರಹದ ಪುಸ್ತಕಕ್ಕಿಂತ 500 ರೂಪಾಯಿ ಹೆಚ್ಚಿತ್ತು. ಮೂರು ಸಂಜೆ ಕೂತು ರಸೀದಿಗಳನ್ನು ಒಂದೊಂದಾಗಿ ತಾಳೆ ನೋಡಿದೆವು. ಟೈಪ್ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಖಜಾಂಚಿಯವರೇ ಕೊನೆಗೆ ಕೇಳಿದರು: "ಕೊನೆಯ ರಸೀದಿ ಎಷ್ಟರದು ಬೇಟಾ?" ಅದು 500 ರೂಪಾಯಿಯ ರಸೀದಿ. ಯಂತ್ರ ಅದನ್ನು ಎರಡು ಸಲ ಕೂಡಿತ್ತು.

ಹಣ ಎಲ್ಲಿಯೂ ಹೋಗಿರಲಿಲ್ಲ, ಬಂದೂ ಇರಲಿಲ್ಲ. ಆದರೂ ದಾನಿಗಳ ಹಣ ಅಮಾನತ್ತು; ಅದರ ಲೆಕ್ಕದಲ್ಲಿ ಇಲ್ಲದ ರೂಪಾಯಿ ಕಾಣಿಸುವುದೂ ತಪ್ಪೇ. ಆ ತಪ್ಪು ಎಲ್ಲಿಂದ ಹುಟ್ಟಿತು ಎಂಬುದೇ ಈ ಪಾಠ.

ಒಂದು ಸೂಚನೆ: ಪೋಷಕರಿಗೂ ಓದಲು ಅನುಕೂಲವಾಗಲೆಂದು ಪ್ರೋಗ್ರಾಮಿನ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಪಠ್ಯಪುಸ್ತಕದಲ್ಲಿರುವಂತೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಅಂಗಳದಲ್ಲಿ ಎಣಿಕೆ ಮುಗಿಯುವುದು ಹೇಗೆ?

ಮಾಯಸಂದ್ರದ ಮಕ್ಕಳಿಗೆ ತೆಂಗಿನಕಾಯಿ ಎಣಿಸುವುದನ್ನು ಹೇಳಿಕೊಡಬೇಕಿಲ್ಲ. ಕಾಯಿ ರಾಶಿಯ ಮುಂದೆ ಒಬ್ಬರು ಕೂತು ಎಣಿಸಿ ಎಸೆಯುತ್ತಾರೆ, ನೂರಾದಾಗ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಡುತ್ತಾರೆ. ಎಣಿಕೆ ಮುಗಿಯಿತೆಂದು ಅವರಿಗೆ ಮೂರು ರೀತಿಯಲ್ಲಿ ತಿಳಿಯಬಹುದು.

ಒಂದು, ತೋಟದವರು ಮೊದಲೇ "ಇದರಲ್ಲಿ ಸಾವಿರ ಕಾಯಿ ಎಣಿಸಿಕೊಡಿ" ಎಂದಿರುತ್ತಾರೆ. ಸಾವಿರ ಆದೊಡನೆ ನಿಲ್ಲಿಸಿದರಾಯಿತು.

ಎರಡು, ರಾಶಿಯ ಕೊನೆಯಲ್ಲಿ ಒಂದು ಗುರುತು ಇಟ್ಟಿರುತ್ತಾರೆ. ಒಂದು ಕಲ್ಲೋ ಒಂದು ಗರಿಯೋ ಸಿಕ್ಕಿತೆಂದರೆ ಅಲ್ಲಿಗೆ ಈ ಮನೆಯ ಕಾಯಿ ಮುಗಿಯಿತು, ಮುಂದಿನದು ಪಕ್ಕದ ಮನೆಯದು.

ಮೂರು, ಯಾರೂ ಏನೂ ಹೇಳಿರುವುದಿಲ್ಲ. ಇನ್ನೊಂದು ಕಾಯಿಗೆ ಕೈ ಚಾಚಿದಾಗ ನೆಲ ಸಿಗುತ್ತದೆ. ಆಗಲೇ ಮುಗಿದದ್ದು ಗೊತ್ತಾಗುವುದು.

ಸಿ ಪ್ರೋಗ್ರಾಮಿನಲ್ಲೂ ಇರುವುದು ಈ ಮೂರೇ ದಾರಿ. ಮೂರನೆಯ ದಾರಿಯನ್ನು ನೆನಪಿಡಿ: ಕೈ ಚಾಚಿದ ಮೇಲೆಯೇ ಖಾಲಿ ಎಂದು ತಿಳಿಯುತ್ತದೆ, ಚಾಚುವ ಮೊದಲಲ್ಲ. ಬರಿಗೈಯಲ್ಲಿ ಹಿಂದಿರುಗಿದಾಗ "ಇನ್ನೊಂದು" ಎಂದು ಕೂಗಬಾರದು. ಈ ಪಾಠದ ಸಾರವೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಮೊದಲ ಎರಡು ದಾರಿಗಳು

ಎಷ್ಟು ಸಂಖ್ಯೆ ಎಂದು ಮೊದಲೇ ಕೇಳುವುದು ಸುಲಭ. "ಎಷ್ಟು ಚೀಲ?" ಎಂದು ಕೇಳಿ, ಅಷ್ಟು ಸಲ ಲೂಪ್ ತಿರುಗಿಸುವುದು. ಪರೀಕ್ಷೆಯ ಹಲವು ಪ್ರೋಗ್ರಾಮುಗಳು ಹೀಗೇ ಇರುತ್ತವೆ. ಆದರೆ ನಿಜವಾದ ಕೆಲಸದಲ್ಲಿ ಎಣಿಸಿಟ್ಟುಕೊಂಡು ಬರುವವರು ಕಡಿಮೆ. 40 ಎಂದು ಹೇಳಿ 39 ಚೀಲ ತಂದರೆ ಪ್ರೋಗ್ರಾಮ್ ನಲವತ್ತನೆಯದಕ್ಕೆ ಕಾಯುತ್ತಾ ಕೂರುತ್ತದೆ.

ಗುರುತಿನ ಬೆಲೆ ಇಡುವುದು ಎರಡನೆಯದು. "ಮುಗಿದರೆ -1 ಒತ್ತಿ" ಎಂದು ಪರದೆಯ ಮೇಲೆ ತೋರಿಸುವುದು. ಇದಕ್ಕೆ ಇಂಗ್ಲಿಷಿನ ಪಠ್ಯದಲ್ಲಿ ಸೆಂಟಿನೆಲ್ ಎಂದು ಹೆಸರು, ಅಂದರೆ ಕಾವಲುಗಾರ. ಕಂಪ್ಯೂಟರ್ ಗೊತ್ತಿಲ್ಲದವರ ಕೈಗೆ ಕೊಡುವ ಪ್ರೋಗ್ರಾಮಿಗೆ ಇದು ಒಳ್ಳೆಯ ದಾರಿ. ಮೊಬೈಲಿನಲ್ಲಿ ಸಿ ಕಲಿಯುವ ಮಕ್ಕಳಿಗೂ ಅನುಕೂಲ, ಏಕೆಂದರೆ ಮೊಬೈಲ್ ಕೀಲಿಮಣೆಯಲ್ಲಿ ಸಾಮಾನ್ಯವಾಗಿ ಕಂಟ್ರೋಲ್ ಕೀಲಿಯೇ ಇರುವುದಿಲ್ಲ. ಎರಡು ಎಚ್ಚರಿಕೆ ಸಾಕು. ಗುರುತಿನ ಬೆಲೆ ನಿಜವಾದ ಲೆಕ್ಕದಲ್ಲಿ ಎಂದೂ ಬರದಂಥದ್ದಾಗಿರಬೇಕು: ಚೀಲದ ತೂಕಕ್ಕೆ -1 ಸರಿ, ಆದರೆ ಸಾಲ-ಜಮೆಯ ಲೆಕ್ಕದಲ್ಲಿ -1 ನಿಜವಾದ ಮೊತ್ತವೂ ಆಗಬಹುದು. ಎರಡನೆಯದು, ಆ ಗುರುತನ್ನೇ ಮೊತ್ತಕ್ಕೆ ಸೇರಿಸಬಾರದು. ಓದಿ, ಪರೀಕ್ಷಿಸಿ, ಆಮೇಲೆ ಕೂಡಿ. ಕೂಡಿ ಆಮೇಲೆ ಪರೀಕ್ಷಿಸಿದರೆ ಮೊತ್ತದಲ್ಲಿ ಒಂದು ಕಡಿಮೆ ಬರುತ್ತದೆ.

ಮೂರನೆಯ ದಾರಿ: ಇಒಎಫ್

ಇಒಎಫ್ ಎಂದರೆ ಎಂಡ್ ಆಫ್ ಫೈಲ್, ಕಡತದ ಅಂತ್ಯ. ಕೀಬೋರ್ಡ್ ಕಡತವಲ್ಲವಲ್ಲ ಎಂದು ಮಕ್ಕಳು ಕೇಳುತ್ತಾರೆ. ಸಿ ಭಾಷೆಯ ಕಣ್ಣಿಗೆ ಎರಡೂ ಒಂದೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚೀ ಸಿ ಭಾಷೆಯನ್ನು ರೂಪಿಸಿದಾಗ ಅದು ಯುನಿಕ್ಸ್ ಎಂಬ ವ್ಯವಸ್ಥೆಯ ಜೊತೆಜೊತೆಗೇ ಬೆಳೆಯಿತು. ಯುನಿಕ್ಸ್‌ನಲ್ಲಿ ಕೀಬೋರ್ಡನ್ನೂ ಕಡತದಂತೆಯೇ ಓದುತ್ತಾರೆ. ಆದ್ದರಿಂದ ಒಂದೇ ಪ್ರೋಗ್ರಾಮ್ ಕೈಯಿಂದ ಟೈಪ್ ಮಾಡಿದ್ದನ್ನೂ ಓದುತ್ತದೆ, ಕಡತದಲ್ಲಿ ಬರೆದಿಟ್ಟದ್ದನ್ನೂ ಓದುತ್ತದೆ.

ಕಡತಕ್ಕೆ ಅಳತೆ ಇದೆ, ಅದು ತಾನಾಗಿ ಮುಗಿಯುತ್ತದೆ. ಕೀಬೋರ್ಡಿಗೆ ಅಳತೆ ಇಲ್ಲ. ಮುಗಿಯಿತು ಎಂದು ಕೂತವರೇ ಹೇಳಬೇಕು.

ಲಿನಕ್ಸ್‌ನಲ್ಲಿ ಹೊಸ ಸಾಲಿನ ಮೊದಲಲ್ಲಿ ಕಂಟ್ರೋಲ್ ಹಿಡಿದು ಡಿ ಒತ್ತಬೇಕು. ವಿಂಡೋಸ್‌ನಲ್ಲಿ ಹೊಸ ಸಾಲಿನ ಮೊದಲಲ್ಲಿ ಕಂಟ್ರೋಲ್ ಹಿಡಿದು ಝಡ್ ಒತ್ತಿ, ಆಮೇಲೆ ಎಂಟರ್ ಒತ್ತಬೇಕು.

ಎರಡಕ್ಕೂ ಹಳೆಯ ಕಾರಣವಿದೆ. ಆಸ್ಕಿ ಪಟ್ಟಿಯಲ್ಲಿ ಕಂಟ್ರೋಲ್-ಡಿ ಎಂಬುದು 4ನೆಯ ಸಂಕೇತ. ಅದರ ಹೆಸರು ಎಂಡ್ ಆಫ್ ಟ್ರಾನ್ಸ್‌ಮಿಷನ್, ಸಂದೇಶ ರವಾನೆ ಮುಗಿಯಿತು ಎಂದು. ದೂರಮುದ್ರಕ ಯಂತ್ರಗಳ ಕಾಲದ ಪದ ಅದು. ಕಂಟ್ರೋಲ್-ಝಡ್ 26ನೆಯ ಸಂಕೇತ. 1970ರ ದಶಕದ ಸಿಪಿ/ಎಂ ಎಂಬ ವ್ಯವಸ್ಥೆ ಕಡತದ ಉದ್ದವನ್ನು 128 ಬೈಟುಗಳ ಕಟ್ಟುಗಳಲ್ಲಿ ಮಾತ್ರ ಲೆಕ್ಕವಿಡುತ್ತಿತ್ತು. ಕೊನೆಯ ಕಟ್ಟಿನಲ್ಲಿ ಬರಹ ಎಲ್ಲಿಗೆ ನಿಂತಿತು ಎಂದು ತಿಳಿಯಲು ಅಲ್ಲೊಂದು 26 ಇಡುತ್ತಿದ್ದರು. ಆ ರೂಢಿ 1981ರ ಡಾಸ್‌ಗೆ ಬಂತು, ಡಾಸ್‌ನಿಂದ ವಿಂಡೋಸ್‌ಗೆ ಬಂತು. ಟರ್ಬೊ ಸಿ ಕಲಿತವರಿಗೆ ಕಂಟ್ರೋಲ್-ಝಡ್ ಪರಿಚಯವಿರುವುದು ಹೀಗೆ.

ಇಲ್ಲಿ ಮೂರು ಕಡೆ ಮಕ್ಕಳು ಎಡವುತ್ತಾರೆ.

ವಿಂಡೋಸ್ ಲ್ಯಾಬಿನಲ್ಲಿ ಕಲಿತು ಲಿನಕ್ಸ್ ಲ್ಯಾಬಿನಲ್ಲಿ ಪರೀಕ್ಷೆಗೆ ಕೂತವರು ಅಲ್ಲೂ ಕಂಟ್ರೋಲ್-ಝಡ್ ಒತ್ತುತ್ತಾರೆ. ಲಿನಕ್ಸ್‌ನಲ್ಲಿ ಅದರ ಅರ್ಥ ಬೇರೆ: ಪ್ರೋಗ್ರಾಮ್ ಮುಗಿಯುವುದಿಲ್ಲ, ನಡುವೆ ತಡೆದು ನಿಲ್ಲುತ್ತದೆ. ಪರದೆಯ ಮೇಲೆ ಸ್ಟಾಪ್ಡ್ ಎಂದು ಬರುತ್ತದೆ, ಮೊತ್ತ ಮಾತ್ರ ಬರುವುದಿಲ್ಲ. ಕಳೆದ ವರ್ಷ ನಮ್ಮ ಹುಡುಗಿಯೊಬ್ಬಳು ಪ್ರಾಯೋಗಿಕ ಪರೀಕ್ಷೆಯಲ್ಲಿ ಇದೇ ಕಾರಣಕ್ಕೆ ಗಾಬರಿಯಾಗಿ ಸರಿಯಾಗಿದ್ದ ಪ್ರೋಗ್ರಾಮನ್ನು ಅಳಿಸಿ ಮತ್ತೆ ಬರೆದಳು. ಅವಳ ಅಬ್ಬಾ ಕಾಯಿ ಸುಲಿಯುವ ಕೆಲಸಕ್ಕೆ ಹೋಗುವವರು. ಮರುಪರೀಕ್ಷೆಯ ಶುಲ್ಕವೆಂದರೆ ಆ ಮನೆಗೆ ಹಗುರದ ಮಾತಲ್ಲ. ಎಫ್‌ಜಿ ಎಂಬ ಎರಡು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿದ್ದರೆ ನಿಂತ ಪ್ರೋಗ್ರಾಮ್ ಮುಂದಕ್ಕೆ ಬರುತ್ತಿತ್ತು, ಆಮೇಲೆ ಕಂಟ್ರೋಲ್-ಡಿ ಒತ್ತಿದರೆ ಮೊತ್ತ ಬರುತ್ತಿತ್ತು.

ಕೆಲವರು ಕಂಟ್ರೋಲ್-ಸಿ ಒತ್ತುತ್ತಾರೆ. ಅದು ಇನ್‌ಪುಟ್ ಮುಗಿಸುವುದಲ್ಲ, ಪ್ರೋಗ್ರಾಮನ್ನೇ ಕೊನೆಗಾಣಿಸುವುದು. ಲೂಪಿನ ನಂತರ ಬರೆದ ಮೊತ್ತ ಮುದ್ರಿಸುವ ಸಾಲು ನಡೆಯುವುದೇ ಇಲ್ಲ.

ಇನ್ನು ಕೆಲವರು ಸಾಲಿನ ಮಧ್ಯದಲ್ಲೇ ಕಂಟ್ರೋಲ್-ಡಿ ಒತ್ತಿ, ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಕಂಟ್ರೋಲ್-ಡಿ ಎಂಬುದು ಪ್ರೋಗ್ರಾಮಿಗೆ ತಲುಪುವ ಅಕ್ಷರವಲ್ಲ. ಇಲ್ಲಿಯವರೆಗೆ ಟೈಪ್ ಮಾಡಿದ್ದನ್ನು ಈಗಲೇ ಒಪ್ಪಿಸು ಎಂದು ಟರ್ಮಿನಲ್‌ಗೆ ಹೇಳುವ ಮಾತು. ಸಾಲಿನಲ್ಲಿ 47 ಎಂದು ಇದ್ದರೆ ಆ 47 ಹೋಗುತ್ತದೆ. ಸಾಲು ಖಾಲಿ ಇದ್ದರೆ ಒಪ್ಪಿಸಲು ಏನೂ ಇಲ್ಲ, ಸೊನ್ನೆ ಬೈಟು ಹೋಗುತ್ತದೆ. ಆ ಸೊನ್ನೆಯನ್ನೇ ಸಿ ಲೈಬ್ರರಿ ಅಂತ್ಯ ಎಂದು ತಿಳಿಯುತ್ತದೆ. ಅದಕ್ಕೇ ಎಂಟರ್ ಒತ್ತಿ ಹೊಸ ಸಾಲಿಗೆ ಬಂದ ಮೇಲೆ ಒತ್ತಬೇಕು, ಇಲ್ಲವೇ ಸಾಲಿನ ಮಧ್ಯದಲ್ಲಿ ಎರಡು ಸಲ ಒತ್ತಬೇಕು.

ಒಂದೊಂದೇ ಅಕ್ಷರ ಓದುವಾಗ

ಅಕ್ಷರ ಓದುವ ಫಂಕ್ಷನ್ ಗೆಟ್‌ಚಾರ್. ಅದರ ಸರಿಯಾದ ಬಳಕೆ ಹೀಗೆ:

ಇಂಟ್ ಸಿ;
ವೈಲ್ ((ಸಿ = ಗೆಟ್‌ಚಾರ್()) != ಇಒಎಫ್)
    ಪುಟ್‌ಚಾರ್(ಸಿ);

ಬ್ರಯಾನ್ ಕರ್ನಿಘನ್ ಮತ್ತು ಡೆನ್ನಿಸ್ ರಿಚೀ ಬರೆದ ಸಿ ಪುಸ್ತಕ ಮೊದಲು ಬಂದದ್ದು 1978ರಲ್ಲಿ. 1988ರ ಅದರ ಎರಡನೆಯ ಆವೃತ್ತಿಯ ಮೊದಲ ಅಧ್ಯಾಯದಲ್ಲೇ ಈ ಬಗೆಯ ಲೂಪ್ ಬರುತ್ತದೆ. ಅಕ್ಷರ ಓದುವುದಕ್ಕೆ ಚಾರ್ ಬಿಟ್ಟು ಇಂಟ್ ಏಕೆ ಎಂಬ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದು. ಉತ್ತರವನ್ನು ಅರ್ಥ ಮಾಡಿಕೊಂಡು ಹೇಳಿ.

ಒಂದು ಬೈಟಿನಲ್ಲಿ 0ರಿಂದ 255ರವರೆಗೆ 256 ಬೆಲೆಗಳು ಇರಬಹುದು. ಇವೆಲ್ಲವೂ ನಿಜವಾದ ಅಕ್ಷರಗಳಾಗಿ ಬರಬಹುದು. ಇವುಗಳ ಜೊತೆಗೆ ಅಕ್ಷರ ಸಿಗಲಿಲ್ಲ ಎಂಬ ಸುದ್ದಿಯನ್ನೂ ಗೆಟ್‌ಚಾರ್ ಹೇಳಬೇಕು. ಆಗ ಒಟ್ಟು 257 ಬೆಲೆ ಬೇಕಾಯಿತು. 256 ಗೂಡಿನ ಕಪಾಟಿನಲ್ಲಿ 257 ಸಾಮಾನು ಹಿಡಿಸುವುದಿಲ್ಲ. ಅದಕ್ಕಾಗಿ ಗೆಟ್‌ಚಾರ್ ಇಂಟ್ ಹಿಂತಿರುಗಿಸುತ್ತದೆ, ಇಒಎಫ್ ಎಂಬುದಕ್ಕೆ ಋಣ ಸಂಖ್ಯೆಯನ್ನು ಮೀಸಲಿಟ್ಟಿದೆ. ಸಾಮಾನ್ಯವಾಗಿ ಅದು -1. ಪ್ರೋಗ್ರಾಮಿನಲ್ಲಿ -1 ಎಂದು ಬರೆಯದೆ ಇಒಎಫ್ ಎಂದೇ ಬರೆಯಿರಿ, ಏಕೆಂದರೆ ಸಿ ಮಾನಕ ಹೇಳುವುದು ಋಣ ಸಂಖ್ಯೆ ಎಂದಷ್ಟೇ.

ಇಂಟ್ ಬದಲು ಚಾರ್ ಎಂದು ಬರೆದರೆ ಏನಾಗುತ್ತದೆ ಎಂಬುದು ಯಂತ್ರವನ್ನು ಅವಲಂಬಿಸಿದೆ. ಕಾಲೇಜಿನ ಸಾಮಾನ್ಯ ಇಂಟೆಲ್ ಕಂಪ್ಯೂಟರಿನಲ್ಲಿ ಚಾರ್ ಋಣ ಬೆಲೆಯನ್ನೂ ಹಿಡಿಯುತ್ತದೆ. ಅಲ್ಲಿ 255 ಎಂಬ ಬೈಟು -1 ಆಗಿ ಕಂಡು, ಕಡತ ಅರ್ಧಕ್ಕೇ ಮುಗಿಯಿತೆಂದು ಪ್ರೋಗ್ರಾಮ್ ನಿಲ್ಲಬಹುದು. ರಾಸ್‌ಬೆರಿ ಪೈನಂಥ ಎಆರ್‌ಎಂ ಚಿಪ್ಪಿನ ಲಿನಕ್ಸ್ ಯಂತ್ರಗಳಲ್ಲಿ ಚಾರ್ ಋಣ ಬೆಲೆ ಹಿಡಿಯುವುದಿಲ್ಲ. ಅಲ್ಲಿ -1 ಎಂಬುದು 255 ಆಗಿಬಿಡುತ್ತದೆ, ಇಒಎಫ್‌ಗೆ ಎಂದೂ ಸಮವಾಗುವುದಿಲ್ಲ, ಲೂಪ್ ನಿಲ್ಲುವುದೇ ಇಲ್ಲ. ಒಂದೇ ಪ್ರೋಗ್ರಾಮ್ ಲ್ಯಾಬಿನಲ್ಲಿ ಸರಿ, ಇನ್ನೊಂದು ಯಂತ್ರದಲ್ಲಿ ತಪ್ಪು. ಇಂಥ ತಪ್ಪನ್ನು ಹುಡುಕುವುದೇ ಕಷ್ಟ. ಇಂಟ್ ಎಂದು ಬರೆಯುವುದು ಸುಲಭ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಯುಟಿಎಫ್-8 ಪದ್ಧತಿಯಲ್ಲಿ ಒಂದು 'ಕ' ಎಂದರೆ ಮೂರು ಬೈಟು: 224, 178, 149. ಗೆಟ್‌ಚಾರ್ ಅದನ್ನು ಮೂರು ಸಲದಲ್ಲಿ ಓದುತ್ತದೆ. ಅಕ್ಷರ ಎಣಿಸುವ ಪ್ರೋಗ್ರಾಮ್ ಕನ್ನಡದ ಹೆಸರಿಗೆ ಹೆಚ್ಚು ಎಣಿಕೆ ತೋರಿಸಿದರೆ ಅಂತ್ಯದ ಪರೀಕ್ಷೆ ತಪ್ಪಾಗಿದೆ ಎಂದುಕೊಳ್ಳಬೇಡಿ.

ಸಂಖ್ಯೆ ಓದುವಾಗ

ನಮ್ಮ ಲೆಕ್ಕ ಕೆಟ್ಟದ್ದು ಇಲ್ಲಿ. ಆ ವಿದ್ಯಾರ್ಥಿ ಬರೆದಿದ್ದ ಲೂಪಿನ ಮಾದರಿಯನ್ನು ಕೊಬ್ಬರಿ ಚೀಲದ ತೂಕಕ್ಕೆ ಹೊಂದಿಸಿ ಕೊಡುತ್ತೇನೆ:

ವೈಲ್ (!ಎಫ್‌ಇಒಎಫ್(ಎಸ್‌ಟಿಡಿಇನ್)) {
    ಸ್ಕ್ಯಾನ್‌ಎಫ್("%ಎಲ್‌ಎಫ್", &ತೂಕ);
    ಮೊತ್ತ = ಮೊತ್ತ + ತೂಕ;
}

ಓದಿದರೆ ಸರಿಯಾಗಿದೆ ಎನಿಸುತ್ತದೆ: ಅಂತ್ಯ ಬಂದಿಲ್ಲದಿರುವವರೆಗೆ ಓದು, ಕೂಡು. ಈಗ 48, 50, 47 ಎಂದು ಮೂರು ಚೀಲದ ತೂಕ ಕೊಟ್ಟು, ಪ್ರತಿಯೊಂದಕ್ಕೂ ಎಂಟರ್ ಒತ್ತಿ, ಕೊನೆಗೆ ಅಂತ್ಯದ ಕೀಲಿ ಒತ್ತೋಣ. ಬರಬೇಕಾದ್ದು 145 ಕಿಲೊ. ಬರುವುದು 192.

ಒಂದೊಂದೇ ಹೆಜ್ಜೆ ನೋಡಿ. 47 ಓದಿಯಾಯಿತು. ಮೊತ್ತ 145 ಆಯಿತು. ಲೂಪಿನ ತಲೆಗೆ ಬಂದು ಅಂತ್ಯವಾಯಿತೇ ಎಂದು ಎಫ್‌ಇಒಎಫ್ ಅನ್ನು ಕೇಳಿತು. ಯಾರೂ ಇನ್ನೂ ಕೈ ಚಾಚಿ ಬರಿಗೈಯಲ್ಲಿ ಹಿಂದಿರುಗಿಲ್ಲವಾದ್ದರಿಂದ, ಇಲ್ಲ ಎಂದೇ ಉತ್ತರ ಬಂತು. ಸ್ಕ್ಯಾನ್‌ಎಫ್ ಓದಲು ಹೋಯಿತು, ಅಂತ್ಯ ಎದುರಾಯಿತು, ಏನೂ ಸಿಗದೆ ಹಿಂದಿರುಗಿತು. ಆದರೆ ತೂಕ ಎಂಬ ಪೆಟ್ಟಿಗೆಯಲ್ಲಿ ಹಳೆಯ 47 ಹಾಗೇ ಇದೆ. ಮುಂದಿನ ಸಾಲು ಅದನ್ನೇ ಇನ್ನೊಮ್ಮೆ ಕೂಡಿತು. ಆಮೇಲೆ ತಲೆಗೆ ಬಂದಾಗ ಎಫ್‌ಇಒಎಫ್ ಹೌದು ಎಂದಿತು. ಹೊತ್ತು ಮೀರಿತ್ತು.

ಎಫ್‌ಇಒಎಫ್ ಸುಳ್ಳು ಹೇಳಲಿಲ್ಲ. ಮುಂದೆ ಏನಿದೆ ಎಂದು ಹೇಳುವುದು ಅದರ ಕೆಲಸವಲ್ಲ. ಹಿಂದಿನ ಓದು ಅಂತ್ಯವನ್ನು ಮುಟ್ಟಿತೇ ಎಂದು ಹೇಳುವುದಷ್ಟೇ ಅದರ ಕೆಲಸ. ನಾವು ಕೇಳಬಾರದ ಹೊತ್ತಿನಲ್ಲಿ ಕೇಳಿದೆವು.

ಈ 47 ಕಿಲೊ ಎಷ್ಟರ ಮಾತು? 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ಅಂದರೆ ಕಿಲೊಗೆ 120. ಆ ಲೆಕ್ಕದಲ್ಲಿ 47 ಕಿಲೊಗೆ 5,640 ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಳ್ಳುವವರ ಪ್ರೋಗ್ರಾಮ್ ಹೀಗಿದ್ದರೆ ಅವರಿಗೆ ನಷ್ಟ. ಮಾರುವವರು ತಮ್ಮ ಲೆಕ್ಕವನ್ನು ಇದರಿಂದ ಕೂಡಿದರೆ ಬಾರದ ಹಣಕ್ಕೆ ಕಾಯುತ್ತಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡಿದ ರೈತನ ಮುಂದೆ ಅದು ಜಗಳಕ್ಕೆ ಕಾರಣವಾಗುತ್ತದೆ.

ಈ ತಪ್ಪಿನ ಇನ್ನೊಂದು ಗುಣ ಎಂದರೆ ಅದು ಯಾವಾಗಲೂ ಕಾಣಿಸುವುದಿಲ್ಲ. ಇದೇ ತೂಕಗಳನ್ನು ಕಡತದಲ್ಲಿ ಬರೆದು, ಕೊನೆಯ 47ರ ನಂತರ ಎಂಟರ್ ಒತ್ತದೆ ಉಳಿಸಿ, ಆ ಕಡತವನ್ನು ಓದಿಸಿದರೆ ಮೊತ್ತ 145 ಎಂದು ಸರಿಯಾಗಿಯೇ ಬರುತ್ತದೆ. ಏಕೆಂದರೆ 47ರ ಮುಂದೆ ಇನ್ನೊಂದು ಅಂಕಿ ಇದೆಯೇ ಎಂದು ನೋಡಲು ಹೋಗಿ ಸ್ಕ್ಯಾನ್‌ಎಫ್ ಅಂತ್ಯವನ್ನು ಆಗಲೇ ಮುಟ್ಟಿರುತ್ತದೆ. ಒಂದು ಎಂಟರ್ ಇದ್ದರೆ ತಪ್ಪು, ಇಲ್ಲದಿದ್ದರೆ ಸರಿ. ಮನೆಯಲ್ಲಿ ನೋಡಿದಾಗ ಸರಿ ಬಂದಿತ್ತು ಎಂದು ಮಕ್ಕಳು ಹೇಳಿದರೆ ಅವರು ಸುಳ್ಳು ಹೇಳುತ್ತಿರುವುದಿಲ್ಲ.

ಸರಿಯಾದ ಕ್ರಮ

ಸ್ಕ್ಯಾನ್‌ಎಫ್ ಕೆಲಸ ಮಾಡಿ ಸುಮ್ಮನೆ ಹೋಗುವುದಿಲ್ಲ, ಎಷ್ಟು ಬೆಲೆ ಓದಿದೆ ಎಂದು ವರದಿ ಒಪ್ಪಿಸುತ್ತದೆ. ಆ ವರದಿಯನ್ನು ನೋಡುವುದೇ ಮದ್ದು:

ವೈಲ್ (ಸ್ಕ್ಯಾನ್‌ಎಫ್("%ಎಲ್‌ಎಫ್", &ತೂಕ) == 1) {
    ಮೊತ್ತ = ಮೊತ್ತ + ತೂಕ;
    ಎಣಿಕೆ = ಎಣಿಕೆ + 1;
}

ಒಂದು ಬೆಲೆ ಕೇಳಿದ್ದೇವೆ. ಸಿಕ್ಕರೆ 1 ಬರುತ್ತದೆ, ಕೂಡುತ್ತೇವೆ. ಇನ್‌ಪುಟ್ ಮುಗಿದಿದ್ದರೆ ಇಒಎಫ್ ಬರುತ್ತದೆ. ಸಂಖ್ಯೆಯಲ್ಲದ್ದು ಎದುರಾದರೆ 0 ಬರುತ್ತದೆ. ಎರಡೂ 1 ಅಲ್ಲ, ಲೂಪ್ ನಿಲ್ಲುತ್ತದೆ. ಬರಿಗೈಯಲ್ಲಿ ಬಂದಾಗ ಕೂಡುವ ಸಾಲಿಗೆ ಹೋಗುವುದೇ ಇಲ್ಲ.

ಹಲವರು == 1 ಬದಲು != ಇಒಎಫ್ ಎಂದು ಬರೆಯುತ್ತಾರೆ. ಅದು ಅರ್ಧ ಸರಿ. ಯಾರಾದರೂ 40 ಎಂದು ಒತ್ತುವಾಗ ಸೊನ್ನೆಯ ಬದಲು ಓ ಅಕ್ಷರ ಒತ್ತಿದರೆ 4 ಓದಿಯಾಗುತ್ತದೆ, ಓ ಅಲ್ಲೇ ಉಳಿಯುತ್ತದೆ. ಮುಂದಿನ ಸಲ ಸ್ಕ್ಯಾನ್‌ಎಫ್ ಆ ಓ ನೋಡಿ 0 ಎನ್ನುತ್ತದೆ. 0 ಎಂದರೆ ಇಒಎಫ್ ಅಲ್ಲವಲ್ಲ, ಲೂಪ್ ಮತ್ತೆ ತಿರುಗುತ್ತದೆ. ಓ ಅಲ್ಲಿಂದ ಕದಲುವುದಿಲ್ಲ. ಲೂಪ್ ನಿಲ್ಲದೆ ಅದೇ 4 ಅನ್ನು ಕೂಡುತ್ತಾ ಇರುತ್ತದೆ. ಕನ್ನಡ ಅಂಕಿ ಒತ್ತಿದರೂ ಹೀಗೇ: ೪೮ ಎಂದು ಟೈಪ್ ಮಾಡಿದರೆ ಸ್ಕ್ಯಾನ್‌ಎಫ್ ಅದನ್ನು ಸಂಖ್ಯೆ ಎಂದು ಗುರುತಿಸುವುದಿಲ್ಲ. ಇನ್‌ಪುಟ್‌ಗೆ 48 ಎಂದೇ ಒತ್ತಬೇಕು.

ನಿಂತದ್ದು ಏಕೆ ಎಂದು ಕೇಳಿ

== 1 ಎಂದು ಬರೆದಾಗ ಲೂಪ್ ಎರಡು ಕಾರಣಕ್ಕೆ ನಿಲ್ಲಬಹುದು. ನೂರು ಚೀಲದಲ್ಲಿ ಅರವತ್ತನೆಯದರ ತೂಕ ತಪ್ಪಾಗಿ ಒತ್ತಿದ್ದರಿಂದ ನಿಂತು, ಅಲ್ಲಿಯವರೆಗಿನ ಮೊತ್ತವನ್ನೇ ಪೂರ್ತಿ ಎಂದು ತೋರಿಸಿದರೆ ಅದೂ ತಪ್ಪೇ. ಹಾಗಾಗಿ ಲೂಪಿನ ನಂತರ ಒಂದು ಪ್ರಶ್ನೆ ಕೇಳಬೇಕು. ಎಫ್‌ಇಒಎಫ್‌ಗೆ ಸರಿಯಾದ ಜಾಗ ಇದೇ:

ಇಫ್ (ಎಫ್‌ಇಒಎಫ್(ಎಸ್‌ಟಿಡಿಇನ್))
    ಪ್ರಿಂಟ್‌ಎಫ್("ಎಣಿಕೆ %ಡಿ, ಮೊತ್ತ %.2ಎಫ್\ಎನ್", ಎಣಿಕೆ, ಮೊತ್ತ);
ಎಲ್ಸ್
    ಪ್ರಿಂಟ್‌ಎಫ್("%ಡಿ ನಮೂದಿನ ನಂತರ ತಪ್ಪು ಬಂದಿದೆ, ನೋಡಿ\ಎನ್", ಎಣಿಕೆ);

ಓದುವ ಮೊದಲು ಕೇಳಿದರೆ ದಾರಿ ತಪ್ಪಿಸುವ ಎಫ್‌ಇಒಎಫ್, ಓದು ವಿಫಲವಾದ ಮೇಲೆ ಕೇಳಿದರೆ ನಂಬಿಕೆಯ ಸಾಕ್ಷಿ. ಡಿಸ್ಕ್ ಕೆಟ್ಟಿತು, ಪೆನ್‌ಡ್ರೈವ್ ಕಿತ್ತುಬಂತು ಎಂಬಂಥ ಕಾರಣಗಳನ್ನು ತಿಳಿಯಲು ಎಫ್‌ಎರರ್ ಎಂಬ ಇನ್ನೊಂದು ಫಂಕ್ಷನ್ ಇದೆ. ಕೀಬೋರ್ಡಿನ ಮಟ್ಟಿಗೆ ಅದರ ಅಗತ್ಯ ಅಪರೂಪ.

ಎಣಿಕೆಯನ್ನೂ ಮುದ್ರಿಸುವುದನ್ನು ಗಮನಿಸಿ. ರಸೀದಿ ಎಷ್ಟು ಎಂದು ಪುಸ್ತಕದಲ್ಲಿದೆ, ಯಂತ್ರ ಎಷ್ಟು ಎಂದಿತು ಎಂದು ಪರದೆಯಲ್ಲಿದೆ. ಎರಡೂ ತಾಳೆಯಾಗದಿದ್ದರೆ ಮೊತ್ತ ನೋಡುವ ಮೊದಲೇ ತಪ್ಪು ಸಿಕ್ಕಿತು. ನಮ್ಮ ಪ್ರೋಗ್ರಾಮಿನಲ್ಲಿ ಈ ಒಂದು ಸಂಖ್ಯೆ ಇದ್ದಿದ್ದರೆ ಮೂರು ಸಂಜೆ ಉಳಿಯುತ್ತಿತ್ತು.

ಸಾಲು ಸಾಲಾಗಿ ಓದುವಾಗ

ಹೆಸರು, ವಿಳಾಸ ಓದಲು ಎಫ್‌ಗೆಟ್ಸ್ ಬಳಸಿ. ಸಾಲು ಸಿಕ್ಕರೆ ಅದು ನಾವು ಕೊಟ್ಟ ಜಾಗದ ವಿಳಾಸವನ್ನೇ ಹಿಂತಿರುಗಿಸುತ್ತದೆ, ಸಿಗದಿದ್ದರೆ ನಲ್. ಆದ್ದರಿಂದ ನಲ್ ಬರುವವರೆಗೆ ಓದಿ. ಖಾಲಿ ಸಾಲು ಬಂದರೆ ಅದು ಅಂತ್ಯವಲ್ಲ. ಅದರಲ್ಲಿ ಎಂಟರ್ ಅಕ್ಷರ ಒಂದು ಇರುತ್ತದೆ. ಖಾಲಿ ಸಾಲನ್ನೇ ಮುಗಿದ ಗುರುತಾಗಿ ಇಟ್ಟುಕೊಳ್ಳುವುದೂ ಒಳ್ಳೆಯ ಪದ್ಧತಿಯೇ, ಆದರೆ ಅದನ್ನು ನೀವು ಬರೆದು ಪರೀಕ್ಷಿಸಬೇಕು. ಜೊತೆಗೆ ನಲ್ ಅನ್ನೂ ಪರೀಕ್ಷಿಸಬೇಕು. ಹಳೆಯ ಪುಸ್ತಕಗಳಲ್ಲಿ ಕಾಣುವ ಗೆಟ್ಸ್ ಎಂಬ ಫಂಕ್ಷನ್ ಬಳಸಬೇಡಿ. ಕೊಟ್ಟ ಜಾಗಕ್ಕಿಂತ ಉದ್ದದ ಸಾಲು ಬಂದರೆ ಅದು ಪಕ್ಕದ ನೆನಪಿನ ಮೇಲೆ ಬರೆದುಬಿಡುತ್ತದೆ. 2011ರ ಸಿ ಮಾನಕದಿಂದ ಅದನ್ನು ತೆಗೆದೇ ಹಾಕಿದ್ದಾರೆ.

ಅಂತ್ಯದ ನಂತರ ಮತ್ತೆ ಓದಬೇಕೆಂದರೆ, ಉದಾಹರಣೆಗೆ ತೂಕಗಳು ಮುಗಿದ ಮೇಲೆ ಬೆಲೆ ಕೇಳಬೇಕೆಂದರೆ, ಮೊದಲು ಕ್ಲಿಯರ್‌ಎರ್ ಕರೆಯಬೇಕು. ಅದು ಅಂತ್ಯದ ಗುರುತನ್ನು ಅಳಿಸುತ್ತದೆ. ಲಿನಕ್ಸ್‌ನ ಗ್ನೂ ಸಿ ಲೈಬ್ರರಿಯಲ್ಲಿ 2018ರ 2.28ನೆಯ ಆವೃತ್ತಿಯಿಂದ ಈ ನಿಯಮ ಬಿಗಿಯಾಗಿದೆ: ಒಮ್ಮೆ ಅಂತ್ಯವೆಂದ ಮೇಲೆ ಅಳಿಸುವವರೆಗೂ ಅಂತ್ಯವೇ. ಹಳೆಯ ಯಂತ್ರದಲ್ಲಿ ನಡೆಯುತ್ತಿದ್ದ ಪ್ರೋಗ್ರಾಮ್ ಹೊಸದರಲ್ಲಿ ಎರಡನೆಯ ಪ್ರಶ್ನೆ ಕೇಳದೆ ಮುಗಿದರೆ ಇಲ್ಲಿ ನೋಡಿ. ಇನ್ನೂ ಸುಲಭದ ದಾರಿ ಎಂದರೆ ಬೆಲೆಯನ್ನು ಮೊದಲೇ ಕೇಳಿಬಿಡುವುದು.

ಮನೆಯಲ್ಲಿ ಮಾಡಿ ನೋಡಬೇಕಾದ್ದು

ತೂಕ ಕೂಡುವ ಪ್ರೋಗ್ರಾಮನ್ನು ಬರೆದು ಈ ಐದು ಪರೀಕ್ಷೆ ಮಾಡಿ.

1. ಏನೂ ಟೈಪ್ ಮಾಡದೆ ಮೊದಲಿಗೇ ಅಂತ್ಯದ ಕೀಲಿ ಒತ್ತಿ. ಎಣಿಕೆ 0, ಮೊತ್ತ 0 ಬರಬೇಕು. ಸರಾಸರಿ ಲೆಕ್ಕ ಹಾಕುವುದಿದ್ದರೆ ಸೊನ್ನೆಯಿಂದ ಭಾಗಿಸದಂತೆ ತಡೆದಿರಬೇಕು.

2. ಒಂದೇ ತೂಕ ಕೊಟ್ಟು ಮುಗಿಸಿ. ಮೊತ್ತ ಇಮ್ಮಡಿಯಾದರೆ ಕೊನೆಯದನ್ನು ಎರಡು ಸಲ ಕೂಡುತ್ತಿದ್ದೀರಿ.

3. 48, 50, 47 ಕೊಡಿ. ಎಣಿಕೆ 3, ಮೊತ್ತ 145 ಬರಬೇಕು.

4. ನಡುವೆ ಒಂದು ಅಕ್ಷರ ಒತ್ತಿ. ಪ್ರೋಗ್ರಾಮ್ ನಿಲ್ಲಬೇಕು, ತಪ್ಪು ಎಲ್ಲಿ ಎಂದು ಹೇಳಬೇಕು, ಸುತ್ತುತ್ತಾ ಕೂರಬಾರದು.

5. ಅದೇ ತೂಕಗಳನ್ನು ಕಡತದಲ್ಲಿ ಬರೆದು, ಕೊನೆಗೆ ಎಂಟರ್ ಇಟ್ಟು ಒಮ್ಮೆ, ಇಡದೆ ಒಮ್ಮೆ, ಪ್ರೋಗ್ರಾಮಿನ ಹೆಸರಿನ ಮುಂದೆ < ಗುರುತು ಹಾಕಿ ಕಡತದ ಹೆಸರು ಕೊಟ್ಟು ನಡೆಸಿ. ಎರಡೂ ಸಲ 145 ಬರಬೇಕು.

ಪೋಷಕರಿಗೆ ಒಂದು ಮಾತು. ಮಗ ಅಥವಾ ಮಗಳು ಪ್ರೋಗ್ರಾಮ್ ತೋರಿಸಿದಾಗ ನಿಮಗೆ ಸಿ ಗೊತ್ತಿರಬೇಕಿಲ್ಲ. ಎರಡನೆಯ ಪರೀಕ್ಷೆಯನ್ನು ನೀವೇ ಮಾಡಿಸಿ: "ಒಂದೇ ಚೀಲ ತೂಗಿ ತೋರಿಸು" ಎನ್ನಿ. ಅಂಗಡಿ, ತೋಟ, ಕೂಲಿ ಲೆಕ್ಕ ನೋಡಿದ ಕಣ್ಣಿಗೆ ಈ ತಪ್ಪು ಕೂಡಲೇ ಕಾಣುತ್ತದೆ. ನಮ್ಮ ಖಜಾಂಚಿಯವರಿಗೆ ಸಿ ಬರುವುದಿಲ್ಲ, ಆದರೆ ತಪ್ಪನ್ನು ಹಿಡಿದವರು ಅವರೇ.

ಆ ಲೆಕ್ಕವನ್ನು ತಿದ್ದಿದ ವಿದ್ಯಾರ್ಥಿ ಈಗ ಭಾನುವಾರದ ತರಗತಿಯಲ್ಲಿ ಚಿಕ್ಕವರಿಗೆ ಹೇಳಿಕೊಡುತ್ತಾನೆ. ಮೊದಲ ದಿನ ಅವನು ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಮೇಜಿನ ಮೇಲೆ ಮೂರು ಕಾಯಿ ಇಟ್ಟು, ಕಣ್ಣು ಮುಚ್ಚಿಸಿ, ಕೈ ಚಾಚಿ ಎಣಿಸು ಎನ್ನುತ್ತಾನೆ. ನಾಲ್ಕನೆಯ ಸಲ ಕೈಗೆ ಮೇಜು ಸಿಕ್ಕಾಗ ಮಗು ಮೂರು ಎಂದೇ ಹೇಳುತ್ತದೆ. ನಾಲ್ಕು ಎಂದು ಹೇಳಿದ ಮಗುವನ್ನು ನಾವಿನ್ನೂ ಕಂಡಿಲ್ಲ.

ವಿದ್ಯಾರ್ಥಿವೇತನದ ಅರ್ಜಿಯ ನಮೂನೆ ಮತ್ತು ನಿಯಮಗಳು ಈ ವರದಿಯ ಕೊನೆಯ ಪುಟಗಳಲ್ಲಿವೆ. ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಮೊದಲ ವರ್ಷದ ಅರ್ಜಿದಾರರು ಮೇಲಿನ ಐದು ಪರೀಕ್ಷೆಗಳನ್ನು ಮಾಡಿ, ಬಂದ ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಭಾನುವಾರದ ತರಗತಿಗೆ ತನ್ನಿ. ತಪ್ಪು ಬಂದಿದ್ದರೂ ತನ್ನಿ. ಕೂತು ನೋಡೋಣ.